ಆರು ಹೆಜ್ಜೆ ದೂರದ ನಲ್ಲಿ

ಆಮ್ಲಕ್ಕೆ ಕ್ಷಾರ ಬೆರೆಸಿದರೆ ಉಪ್ಪೂ ನೀರೂ ಆಗುತ್ತವೆ. ಇದನ್ನು ಎಂಟನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದೆ, ಬಿ.ಎಸ್ಸಿಯಲ್ಲಿ ಸಮೀಕರಣ ಬರೆದು ಅಂಕ ಗಿಟ್ಟಿಸಿದೆ, ಆಮೇಲೆ ಇಪ್ಪತ್ತಾರು ವರ್ಷ ಅದರಿಂದಲೇ ಅನ್ನ ತಿಂದೆ. ಸಮೀಕರಣದ ಎಡಗಡೆ ಎರಡು, ಬಲಗಡೆ ಎರಡು, ನಡುವೆ ಒಂದು ಬಾಣ. ಆ ಬಾಣ ಇರುವ ಜಾಗದಲ್ಲಿ ಯಾರಾದರೂ ಮನುಷ್ಯ ನಿಂತಿದ್ದಾನಾ ಅಂತ ಯಾವ ಪರೀಕ್ಷೆಯಲ್ಲೂ ಯಾರೂ ಕೇಳಲಿಲ್ಲ.

ಐವತ್ತೆರಡಕ್ಕೆ ನಾನಾಗಿಯೇ ಕೆಲಸ ಬಿಟ್ಟೆ. ಬೀಳ್ಕೊಡುವಾಗ ಶಾಲು ಹೊದಿಸಿದರು, ಪ್ರೆಷರ್ ಕುಕ್ಕರ್ ಕೊಟ್ಟರು, "ವಸುಧಾ ಮೇಡಂ ಕಾಲದಲ್ಲಿ ಒಂದೇ ಒಂದು ಅಪಘಾತ" ಎಂದು ಮೈಕಿನಲ್ಲಿ ಹೊಗಳಿದರು. ಆ ಒಂದೇ ಒಂದರ ವಿಷಯ ಬರೆಯಲು ಕೂತಿದ್ದೇನೆ. ಪ್ರಮೋಷನ್ನಿನ ಕಥೆ ಇಲ್ಲಿ ಇಲ್ಲ, ಆಗಿದ್ದೂ ಎರಡೇ. ರಸಾಯನಶಾಸ್ತ್ರ ಓದಿ ಕಾರ್ಖಾನೆಗೆ ಸೇರುವ ಮಕ್ಕಳಿಗೆ ಇದು ಉಪಯೋಗಕ್ಕೆ ಬರಬಹುದು. ನಡುವೆ ನಗು ಬಂದರೆ ನಕ್ಕುಬಿಡಿ. ನನ್ನನ್ನು ನೋಡಿ ನಗುವುದು ನನಗೆ ಅಭ್ಯಾಸವಾಗಿದೆ.

ನಮ್ಮದು ಚೆನ್ನೈನ ದಕ್ಷಿಣದ ಅಂಚಿನಲ್ಲಿದ್ದ ಎಲೆಕ್ಟ್ರೋಪ್ಲೇಟಿಂಗ್ ಕಾರ್ಖಾನೆ. ಸೈಕಲ್ ಹ್ಯಾಂಡಲ್, ಬಾಗಿಲ ಚಿಲಕ, ಇಂಥವಕ್ಕೆ ನಿಕ್ಕಲ್ ಹೊಳಪು ಕೊಡುವ ಕೆಲಸ. ಹೊಳಪು ಹತ್ತಬೇಕಾದರೆ ಮೊದಲು ಕೊಳೆ ಹೋಗಬೇಕು. ಜಿಡ್ಡು ತೆಗೆಯಲು ಕ್ಷಾರ, ತುಕ್ಕು ತೆಗೆಯಲು ಆಸಿಡ್. ತೊಳೆದ ನೀರೆಲ್ಲ ಹಿಂದುಗಡೆಯ ದೊಡ್ಡ ಸಿಮೆಂಟು ತೊಟ್ಟಿಗೆ ಬಂದು ಬೀಳುತ್ತಿತ್ತು. ಆಸಿಡ್ ಹೆಚ್ಚಿದ್ದರೆ ಕಾಸ್ಟಿಕ್ ಸೋಡಾ ಹಾಕಿ, ಕ್ಷಾರ ಹೆಚ್ಚಿದ್ದರೆ ಆಸಿಡ್ ಹಾಕಿ, ಅದೂ ಅಲ್ಲ ಇದೂ ಅಲ್ಲ ಅನ್ನುವ ಹದಕ್ಕೆ ತಂದು ಹೊರಗೆ ಬಿಡಬೇಕು. ಆ ತೊಟ್ಟಿಯ ಜವಾಬ್ದಾರಿ ನನ್ನದು. ವೆಸ್ಟ್ ಮಾಂಬಲಂ ಮನೆಯಿಂದ ಹೊರಟು, ಸ್ಟೇಷನ್ ಮೆಟ್ಟಿಲು ಹತ್ತಿದ ಮೇಲೆ ಗ್ಯಾಸ್ ಆರಿಸಿದೆನೋ ಇಲ್ಲವೋ ಅಂತ ಮನೆಗೆ ವಾಪಸು ಓಡುವ ಹೆಂಗಸಿಗೆ ಕೊಟ್ಟ ಕೆಲಸ ನೋಡಿ ಇದು. ನಾನು ಓದಿದ್ದು ಇಂಗ್ಲಿಷಿನಲ್ಲಿ, ಕೆಲಸ ಮಾಡಿದ್ದು ತಮಿಳಿನಲ್ಲಿ. ಹೆದರಿದ್ದು ಮಾತ್ರ ಕನ್ನಡದಲ್ಲಿ.

ಸೇರಿದ ಮೊದಲನೇ ವಾರವೇ ನನ್ನ ಹೆಸರು ಕಾರ್ಖಾನೆಗೆಲ್ಲ ಗೊತ್ತಾಯಿತು. ಕಾಸ್ಟಿಕ್ ಮುಗಿದಿತ್ತು. ಕ್ಷಾರ ಯಾವುದಾದರೇನು ಅಂತ ಒಂದು ಮೂಟೆ ವಾಷಿಂಗ್ ಸೋಡಾ ಹಾಕಿಸಿದೆ. ಆಸಿಡ್ಡಿಗೆ ಸೋಡಾ ಬಿದ್ದರೆ ಗ್ಯಾಸ್ ಏಳುತ್ತದೆ ಅನ್ನುವುದು ನನಗೆ ಗೊತ್ತಿತ್ತು; ಒಂದು ಮೂಟೆಗೆ ಎಷ್ಟು ಏಳುತ್ತದೆ ಅನ್ನುವುದು ಗೊತ್ತಿರಲಿಲ್ಲ. ನೊರೆ ತೊಟ್ಟಿ ತುಂಬಿ, ಕಟ್ಟೆ ದಾಟಿ, ಅಂಗಳಕ್ಕೆ ಇಳಿದು, ಮ್ಯಾನೇಜರ್ ಉಪಾಧ್ಯರ ಸ್ಕೂಟರಿನ ಸೀಟಿನವರೆಗೆ ಹೋಗಿ ನಿಂತಿತು.

ಉಪಾಧ್ಯರು ಉಡುಪಿ ಕಡೆಯವರು. ಅವರ ಅಪ್ಪ ಇದೇ ಊರಿನಲ್ಲಿ ಹೋಟೆಲ್ ನಡೆಸಿದವರು. ನನ್ನ ಜೊತೆ ಅವರು ಕನ್ನಡ ಆಡುತ್ತಿದ್ದದ್ದು ಬೈಯುವಾಗ ಮಾತ್ರ, ಉಳಿದವರಿಗೆ ಅರ್ಥವಾಗಬಾರದು ಅಂತ. ಅಂದು ನೊರೆಯ ನಡುವೆ ಪ್ಯಾಂಟು ಮಡಿಸಿ ನಿಂತು ಹೇಳಿದರು: "ಎಂತ ಮಾರಾಯ್ತಿ, ಇದು ಕಾರ್ಖಾನೆಯೋ, ಉಕ್ಕಿದ ಇಡ್ಲಿ ಹಿಟ್ಟಿನ ಪಾತ್ರೆಯೋ?"

ಎರಡು ವರ್ಷದಲ್ಲಿ ಕೆಲಸಗಾರರೆಲ್ಲ "ಎಂತ ಮಾರಾಯ್ತಿ" ಕಲಿತುಬಿಟ್ಟರು. ನಾನು ಬರುವುದು ಕಂಡರೆ ಹಿಂದಿನಿಂದ ಯಾರೋ ಒಬ್ಬರು ಹಾಗಂದೇ ತೀರುತ್ತಿದ್ದರು.

ಅಂದು ಪೈಪು ಹಿಡಿದು ಆ ನೊರೆಯನ್ನೆಲ್ಲ ತೊಳೆದು ಹಾಕಿದವರು ಏಳುಮಲೈ ಅಣ್ಣ. ತೊಟ್ಟಿಯ ಕೆಲಸ ಅವರದು. ನನಗಿಂತ ಹತ್ತು ವರ್ಷ ದೊಡ್ಡವರು, ತಾಂಬರಂ ದಾಟಿ ಎಲ್ಲೋ ಮನೆ. ನಮ್ಮ ಮಾತೆಲ್ಲ ತಮಿಳು. ಇಲ್ಲಿ ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ. ಅವರ ಮಣಿಕಟ್ಟಿನಲ್ಲಿ ಯಾವಾಗಲೂ ಹಳೇ ಪಂಚೆಯಿಂದ ಹರಿದ ಒಂದು ಹಳದಿ ಪಟ್ಟಿ ಕಟ್ಟಿರುತ್ತಿತ್ತು. ಹರಕೆಯೇನೋ ಅಂದುಕೊಂಡಿದ್ದೆ.

"ಹರಕೆ ಇಲ್ಲ ಮೇಡಂ, ಅರಿಶಿನ," ಅಂದರು. ಪಟ್ಟಿಯ ತುದಿಯನ್ನು ಕ್ಷಾರದ ನೀರಿಗೆ ಅದ್ದಿ ತೋರಿಸಿದರು. ಕೆಂಪಾಯಿತು. "ಕಾಸ್ಟಿಕ್ ಇದ್ದರೆ ಇದು ಹೇಳುತ್ತೆ. ನಿಮ್ಮ ಬಣ್ಣ ಬದಲಾಗೋ ಪೇಪರ್ ಸ್ಟೋರಿನಿಂದ ಬರೋದು ತಿಂಗಳಿಗೊಂದು ಸಲ. ಬಂದ ಮೇಲೂ ಈ ಊರ ಸೆಕೆಗೆ ನೆನೆದು ಕೂತಿರುತ್ತೆ."

ನಮ್ಮಮ್ಮ ಅರಿಶಿನದ ನೀರಿಗೆ ಸುಣ್ಣ ಕದಡಿ ಆರತಿ ಎತ್ತುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಅದು ಯಾಕೆ ಕೆಂಪಾಗುತ್ತದೆ ಅಂತ ಒಂದು ದಿನವೂ ಕೇಳಿರಲಿಲ್ಲ. ಕೇಳದೆಯೇ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದೆ. ಆ ಅವಮಾನಕ್ಕೋ ಏನೋ, ಅವರ ಪಟ್ಟಿಯ ಮೇಲೆ ನನಗೆ ಸಿಟ್ಟು ಬಂತು.

"ಕ್ಷಾರ ಇದ್ದರೆ ಹೇಳುತ್ತೆ, ಸರಿ. ಆಸಿಡ್ ಇದ್ದರೆ?"

"ಆಗ ಹಳದಿಯಾಗಿಯೇ ಇರುತ್ತೆ."

"ಬರೀ ನೀರಿದ್ದರೆ?"

"ಆಗಲೂ ಹಳದಿ."

"ಮತ್ತೆ ಆಸಿಡ್ಡು ಯಾವುದು, ನೀರು ಯಾವುದು ಅಂತ ಹೇಗೆ ಗೊತ್ತಾಗುತ್ತೆ ಅಣ್ಣ?"

"ಅದಕ್ಕೆ ನನ್ನ ಮೂಗಿದೆಯಲ್ಲ ಮೇಡಂ."

ಹಿಂದೆ ನಿಂತಿದ್ದವರು ನಕ್ಕರು. ನಾನು ನಗಲಿಲ್ಲ. ಮರುದಿನ ನೋಟಿಸ್ ಅಂಟಿಸಿದೆ: ಪರೀಕ್ಷೆ ಪೇಪರಿನಿಂದ ಮಾತ್ರ, ಬಟ್ಟೆಯಿಂದ ಅಲ್ಲ. ಅಣ್ಣ ನೋಟಿಸ್ ಓದಿ ತಲೆಯಾಡಿಸಿದರು. ಪಟ್ಟಿ ಬಿಚ್ಚಲಿಲ್ಲ.

ಅದೇ ಹುರುಪಿನಲ್ಲಿ ಇನ್ನೊಂದು ವ್ಯವಸ್ಥೆಯನ್ನೂ ಮಾಡಿದೆ. ನನ್ನ ಲ್ಯಾಬಿನ ಗೋಡೆಗೆ ಒಂದು ಹಲಗೆ, ಅದರ ಮೇಲೆ ಎರಡು ಬಾಟಲಿ. ನೀಲಿ ಚೀಟಿಯದರಲ್ಲಿ ಅಡುಗೆ ಸೋಡಾ ಕರಗಿಸಿದ ನೀರು: ಮೈಮೇಲೆ ಆಸಿಡ್ ಬಿದ್ದರೆ ಇದು. ಕೆಂಪು ಚೀಟಿಯದರಲ್ಲಿ ಬೋರಿಕ್ ಪುಡಿಯ ನೀರು: ಕ್ಷಾರ ಬಿದ್ದರೆ ಇದು. ಹಳೆಯ ಲ್ಯಾಬ್ ಪುಸ್ತಕಗಳಲ್ಲಿ ಹಾಗೇ ಇತ್ತು. ಆಸಿಡ್ಡನ್ನು ಕ್ಷಾರ ತಿನ್ನುತ್ತದೆ, ಕ್ಷಾರವನ್ನು ಆಸಿಡ್ ತಿನ್ನುತ್ತದೆ. ನಮ್ಮ ತೊಟ್ಟಿಯ ಸಮೀಕರಣವೇ ಮನುಷ್ಯರ ಚರ್ಮಕ್ಕೂ. ಅದು ಎಷ್ಟು ಅಚ್ಚುಕಟ್ಟು ಅನ್ನಿಸಿತ್ತು ಅಂದರೆ, ಬಂದವರಿಗೆಲ್ಲ ಆ ಹಲಗೆ ತೋರಿಸುತ್ತಿದ್ದೆ. ಬಾಟಲಿಗಳನ್ನು ವಾರಕ್ಕೆ ಮೂರು ಸಲ ಪರೀಕ್ಷಿಸುತ್ತಿದ್ದೆ. "ಮೇಡಂ ಪೇಪರ್ ಅದ್ದಿ ನೋಡದೆ ಕಾಫಿ ಕೂಡ ಕುಡಿಯಲ್ಲ" ಅಂತ ಅಣ್ಣ ಹೇಳಿದ್ದು ಕಾರ್ಖಾನೆಯಲ್ಲಿ ಬಹಳ ದಿನ ಓಡಾಡಿತು.

ಈಗ ಆ ದಿನ. ನಾನು ಸೇರಿ ಹದಿನೈದು ವರ್ಷವಾಗಿತ್ತು.

ಮಧ್ಯಾಹ್ನದ ಊಟ ಮುಗಿದಿತ್ತು. ಬೆಳಗಿನಿಂದ ಕದಡುವ ಮೋಟಾರು ಕೆಟ್ಟು ಕೂತಿತ್ತು, ತೊಟ್ಟಿ ಕಂಠಪೂರ್ತಿ ತುಂಬಿತ್ತು, ಒಳಗಿನಿಂದ ಇನ್ನಷ್ಟು ಆಸಿಡ್ ನೀರು ಬರುವುದಿತ್ತು. ಉಪಾಧ್ಯರು ಎರಡು ಸಲ ಬಂದು ಕನ್ನಡದಲ್ಲಿ ವಿಚಾರಿಸಿ ಹೋಗಿದ್ದರು. ಕಾಸ್ಟಿಕ್ ದ್ರಾವಣವನ್ನು ಸ್ವಲ್ಪ ಸ್ವಲ್ಪವೇ, ಕದಡುತ್ತಾ ಹಾಕಬೇಕು. ಕದಡದಿದ್ದರೆ ಎರಡೂ ಸೇರುವುದಿಲ್ಲ. ಬಿದ್ದಲ್ಲೇ ಎದುರುಬದುರು ನಿಂತು ಕುದಿಯುತ್ತವೆ. ಅಣ್ಣ ಮಗ್ಗಿನಲ್ಲಿ ಒಂದೊಂದೇ ಹಾಕಿ ಬಿದಿರಿನ ಗಳದಿಂದ ಕದಡುತ್ತಿದ್ದರು. ಆವಿಗೆ ಮಂಜಾಗುತ್ತದೆ ಅಂತ ರಕ್ಷಣೆಯ ಕನ್ನಡಕವನ್ನು ಹಣೆಗೆ ಏರಿಸಿಕೊಂಡಿದ್ದರು. ನಾನು ಅದನ್ನು ನೋಡಿದೆ. ಬೇರೆ ದಿನವಾಗಿದ್ದರೆ ಹತ್ತು ಸಲ ಹೇಳುತ್ತಿದ್ದೆ. ಅವತ್ತು ಬೇರೆಯೇ ಹೇಳಿದೆ.

"ಬೇಗ ಹಾಕಿ ಅಣ್ಣ. ಬಕೆಟಿನಲ್ಲೇ ಹಾಕಿಬಿಡಿ."

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. "ನೀವು ಹೇಳ್ತೀರಿ, ಹಾಕ್ತೀನಿ" ಅಂದು ಬಕೆಟ್ ಎತ್ತಿ ಬಗ್ಗಿಸಿದರು.

ಕಾದ ಎಣ್ಣೆಗೆ ನೀರು ಬಿದ್ದಂಥ ಸದ್ದು. ತೊಟ್ಟಿಯಿಂದ ಒಂದು ನಾಲಗೆಯಷ್ಟು ಮೇಲೆ ಚಿಮ್ಮಿತು, ಅಷ್ಟೇ. ಅಣ್ಣ ಬಲಗಣ್ಣನ್ನು ಕೈಯಿಂದ ಒತ್ತಿ ಹಿಡಿದು ಕುಕ್ಕರಿಸಿದರು.

"ಕಾಸ್ಟಿಕ್ ಮೇಡಂ! ಕಾಸ್ಟಿಕ್!" ಮಣಿಕಟ್ಟನ್ನು ನನ್ನ ಕಡೆಗೆ ಚಾಚಿದರು. ಪಟ್ಟಿಯ ಮೇಲೆ ಹನಿ ಬಿದ್ದ ಕಡೆಯೆಲ್ಲ ಕೆಂಪು.

ನೀರಿನ ನಲ್ಲಿ ಅವರಿಂದ ಆರು ಹೆಜ್ಜೆ ದೂರದಲ್ಲಿತ್ತು. ಆಮೇಲೆ ಎಷ್ಟೋ ಸಲ ನಡೆದು ಎಣಿಸಿದ್ದೇನೆ. ಆರೇ. ನಾನು ಆ ಕಡೆ ಹೋಗಲಿಲ್ಲ. ನನಗೆ ಆಗ ಹಿಡಿದ ಭಯ ಒಂದೇ: ತಪ್ಪು ಬಾಟಲಿ ಹಾಕಿಬಿಟ್ಟರೆ? "ಇರಿ ಅಣ್ಣ, ಇರಿ, ನೋಡ್ತೀನಿ" ಅನ್ನುತ್ತಾ ಜೇಬಿನಿಂದ ಪೇಪರ್ ತೆಗೆದು ತೊಟ್ಟಿಗೆ ಅದ್ದಿದೆ. ಆಸಿಡ್ ಅಂತು. ನಂಬಿಕೆ ಬರದೆ ಇನ್ನೊಂದು ಕಡೆ ಅದ್ದಿದೆ. ಅಲ್ಲೂ ಆಸಿಡ್. ತೊಟ್ಟಿಯ ತುಂಬ ಇದ್ದದ್ದು ಆಸಿಡ್ಡೇ, ಪೇಪರಿನ ತಪ್ಪಿಲ್ಲ. ಆದರೆ ಅಣ್ಣನ ಕಣ್ಣಿಗೆ ಚಿಮ್ಮಿದ್ದು ಇನ್ನೂ ಬೆರೆಯದೆ ಮೇಲೇ ನಿಂತಿದ್ದ ಕಾಸ್ಟಿಕ್. ಅವರು ಅದನ್ನು ಬಾಯಿಬಿಟ್ಟು ಹೇಳಿದ್ದರು, ತೋರಿಸಿಯೂ ಇದ್ದರು. ಬಟ್ಟೆಯಿಂದ ಪರೀಕ್ಷೆ ಇಲ್ಲ ಅಂತ ನೋಟಿಸ್ ಬರೆದವಳು ನಾನು.

ಅವರ ಕೈ ಹಿಡಿದು ಲ್ಯಾಬಿಗೆ ಓಡಿಸಿದೆ. ನೀಲಿ ಚೀಟಿಯ ಬಾಟಲಿ ತೆಗೆದು, ರೆಪ್ಪೆ ಬಿಡಿಸಿ, ಸೋಡಾ ನೀರನ್ನು ಹೊಯ್ದೆ. ಕ್ಷಾರ ಬಿದ್ದ ಕಣ್ಣಿಗೆ ಮತ್ತೆ ಕ್ಷಾರ. ಬಾಟಲಿ ಮುಗಿದಾಗ ನ್ಯೂಟ್ರಲ್ ಆಯಿತು ಅಂದುಕೊಂಡೆ. ನಿಜವಾಗಿ ಹಾಗೇ ಅಂದುಕೊಂಡೆ, ಆ ಪದವೇ ತಲೆಯಲ್ಲಿ ಬಂದದ್ದು. ಆಟೋ ಹಿಡಿದು ಆಸ್ಪತ್ರೆಗೆ ಹೊರಟೆವು. ದಾರಿಯಲ್ಲಿ ಒಂದು ತೊಟ್ಟು ನೀರು ಹಾಕಲಿಲ್ಲ.

ಕಣ್ಣಿನ ಡಾಕ್ಟರು ನನ್ನದೇ ವಯಸ್ಸಿನ ಹೆಂಗಸು. ಅಣ್ಣನನ್ನು ಮಲಗಿಸಿ, ಬಗ್ಗಿ ನೋಡುತ್ತಾ ಕೇಳಿದರು.

"ಏನು ಬಿದ್ದದ್ದು?"

"ಆಸಿಡ್."

"ಯಾವುದರಲ್ಲಿ ತೊಳೆದಿರಿ?"

"ನೀರಲ್ಲಿ," ಅಂದೆ.

ಯಾಕೆ ಹಾಗಂದೆ? ಅವರು ಕೇಳಿದ ದನಿಯಲ್ಲೇ ಸರಿಯುತ್ತರ ಯಾವುದು ಅಂತ ಇತ್ತು. ಜೀವಮಾನವಿಡೀ ಸರಿಯುತ್ತರ ಕೊಟ್ಟೇ ಬಂದವಳು, ಕೊಟ್ಟುಬಿಟ್ಟೆ.

"ಎಷ್ಟು ಹೊತ್ತು?"

"ಇಪ್ಪತ್ತು ನಿಮಿಷ."

ಅವರು ಒಂದು ಚೂರು ಪೇಪರನ್ನು ಅಣ್ಣನ ಕಣ್ಣಂಚಿಗೆ ತಾಗಿಸಿದರು. ನಾನು ದಿನಾ ಉಪಯೋಗಿಸುತ್ತಿದ್ದಂಥದೇ ಪೇಪರು. ಕಡುನೀಲಿಯಾಯಿತು. ಅಂದರೆ ಕ್ಷಾರ, ಅದೂ ಜೋರಾದದ್ದು.

"ಇಪ್ಪತ್ತು ನಿಮಿಷ ತೊಳೆದ ಮೇಲೂ ಇಷ್ಟಾ?" ಅಂದರು. ನನ್ನ ಉತ್ತರಕ್ಕೆ ಕಾಯದೆ ಸಲೈನ್ ಬಾಟಲಿ ತರಿಸಿ ಧಾರೆ ಬಿಡತೊಡಗಿದರು. ಕ್ಷಾರ ಆಸಿಡ್ಡಿನ ಹಾಗಲ್ಲ, ಕಣ್ಣಿನೊಳಗೆ ಇಳಿಯುತ್ತಾ ಹೋಗುತ್ತದೆ ಅಂತ ನನಗೆ ಆಮೇಲೆ ತಿಳಿಸಿದವರೂ ಅವರೇ. ಅಣ್ಣ ಅಂಗಾತ ಮಲಗಿದ್ದರು. ನಾನಾಡಿದ ಪ್ರತಿ ಮಾತೂ ಅವರಿಗೆ ಕೇಳಿಸಿತ್ತು. ಏನೂ ಹೇಳಲಿಲ್ಲ.

ಮರುದಿನ ಉಪಾಧ್ಯರು ಬಾಗಿಲು ಹಾಕಿಕೊಂಡು ಕೂರಿಸಿದರು.

"ಎಂತ ಹಾಕಿದ್ದು ನೀನು ಕಣ್ಣಿಗೆ?"

"ಸೋಡಾ ನೀರು ಸಾರ್."

"ಯಾರಿಗೆಲ್ಲ ಗೊತ್ತುಂಟು?"

"ನನಗೆ. ಅಣ್ಣನಿಗೆ."

"ಅವ ಎಂತ ಹೇಳ್ತಾನೆ?"

"ಬೆಳಗ್ಗೆ ಆಫೀಸಿನವರು ಆಸ್ಪತ್ರೆಗೆ ವಿಚಾರಣೆಗೆ ಹೋಗಿದ್ದಾಗ, ಮೇಡಂ ನೀರು ಹಾಕಿದರು ಅಂದರಂತೆ."

ಅವರು ಪೆನ್ನಿನ ಮುಚ್ಚಳ ತೆಗೆದು ನನ್ನ ಮುಂದಿಟ್ಟರು. ಆಮೇಲೆ, ಅಷ್ಟು ವರ್ಷದಲ್ಲಿ ಮೊದಲ ಸಲ, ಬೈಯದೆ ಕನ್ನಡ ಆಡಿದರು. "ಮತ್ತೆ ನೀನು ಎಂತಕ್ಕೆ ಕೆದಕುವುದು? ಕನ್ನಡಕ ಹಾಕಿರ್ಲಿಲ್ಲ ಅಂತ ಬರಿ. ಅದು ಸುಳ್ಳಲ್ಲ ಅಲ್ವಾ?"

ಸುಳ್ಳಲ್ಲ. ವರದಿ ಎರಡೇ ಸಾಲು: ಕೆಲಸಗಾರ ಕನ್ನಡಕ ಧರಿಸಿರಲಿಲ್ಲ. ತಕ್ಷಣ ನೀರಿನಿಂದ ತೊಳೆಯಲಾಯಿತು. ಮೊದಲನೆಯದು ನಿಜ, ಅದರ ಪಕ್ಕದಲ್ಲಿ ಕೂತು ಎರಡನೆಯದೂ ನಿಜದ ಹಾಗೆ ಕಂಡಿತು. ಉಪಾಧ್ಯರನ್ನು ದೂರಲಾರೆ. ಅವರು ಪೆನ್ನು ಕೊಟ್ಟರು, ಸಹಿ ನನ್ನದು.

ಅಣ್ಣನ ಬಲಗಣ್ಣು ಉಳಿಯಲಿಲ್ಲ. ಬೇಯಿಸಿದ ಮೊಟ್ಟೆಯ ಬಿಳಿಯ ಹಾಗಾಯಿತು. ತೊಟ್ಟಿಯ ಕೆಲಸ ಬೇಡ ಅಂತ ಅವರನ್ನು ಗೇಟಿನಲ್ಲಿ ಕೂರಿಸಿದರು. ಗೇಟಿಗೆ ಎರಡು ಕಡೆ ದಾರಿ ಇತ್ತು. ನಾನು ದಿನಾ ಬೆಳಗ್ಗೆ ಅವರ ಬಲಗಡೆಯಿಂದ, ಅಂದರೆ ಕಾಣದ ಕಡೆಯಿಂದ, ಒಳಗೆ ಹೋಗುತ್ತಿದ್ದೆ. ಅವರು ತಲೆ ತಿರುಗಿಸದೆಯೇ "ವಣಕ್ಕಂ ಮೇಡಂ" ಅನ್ನುತ್ತಿದ್ದರು. ನನ್ನ ಚಪ್ಪಲಿ ಸದ್ದು ಅವರಿಗೆ ಗೊತ್ತಿತ್ತು. ಐದು ವರ್ಷ, ಅವರು ನಿವೃತ್ತರಾಗುವವರೆಗೆ, ಹೀಗೇ ನಡೆಯಿತು. ನನ್ನನ್ನು ಕಾಪಾಡಿದ ಮನುಷ್ಯ, ಎಲ್ಲ ಗೊತ್ತಿದ್ದೂ ಸುಮ್ಮನಿರುವ ದೊಡ್ಡ ಮನಸ್ಸು ಅಂತ ಅವರ ಬಗ್ಗೆ ಒಳಗೊಳಗೇ ಒಂದು ಪೂಜೆಯನ್ನೇ ಇಟ್ಟುಕೊಂಡಿದ್ದೆ. ಪೂಜೆ ಮಾಡಿದರೆ ಮುಖ ನೋಡುವ ಕಷ್ಟ ತಪ್ಪುತ್ತದೆ ನೋಡಿ.

ಬಾಟಲಿಗಳ ಹಲಗೆಯನ್ನು ನಾನೇ ಕಿತ್ತು ಹಾಕಿದೆ. ಯಾಕೆ ಅಂತ ಯಾರೂ ಕೇಳಲಿಲ್ಲ. ತೊಟ್ಟಿಯ ಪಕ್ಕದಲ್ಲೇ ಕಣ್ಣು ತೊಳೆಯುವ ಕಾರಂಜಿ ಬಂತು. ಕಾಸ್ಟಿಕ್ಕನ್ನು ಹನಿಹನಿಯಾಗಿ ಬಿಡುವ ಪಂಪು ಬಂತು, ಅಂಕಿ ತೋರಿಸುವ ಮೀಟರು ಬಂತು. ಈಗ ನೀವು ಸೇರುವ ಹೊತ್ತಿಗೆ ಇದೆಲ್ಲ ಇದ್ದೇ ಇರುತ್ತದೆ. ಹಾಗಾಗಿ ನಿಮಗೆ ಹೇಳಬೇಕಾದ್ದು ಸ್ವಲ್ಪವೇ. ಮೈಮೇಲೆ ಏನು ಬಿದ್ದರೂ ನೀರು. ಏನು ಬಿದ್ದದ್ದು ಅಂತ ನೋಡುವುದು ಆಮೇಲೆ. ಒಂದು ಬಾಟಲಿಯಲ್ಲ, ಡಾಕ್ಟರು ಸಾಕು ಅನ್ನುವವರೆಗೂ ನೀರು. ಆಸಿಡ್ಡಿಗೆ ಕ್ಷಾರ ಹಾಕಿ ಸರಿಮಾಡುವ ಕೆಲಸ ತೊಟ್ಟಿಗೆ ಮಾತ್ರ. ಅಲ್ಲೂ ನಿಧಾನವಾಗಿ.

ಕೆಲಸ ಬಿಟ್ಟ ಮೂರನೇ ತಿಂಗಳು ಅಣ್ಣನ ಮನೆಗೆ ಹೋದೆ. ಅಪಘಾತವಾಗಿ ಹನ್ನೊಂದು ವರ್ಷ. ಬೀಳ್ಕೊಡುವಾಗ ಆಡಿದ "ಒಂದೇ ಒಂದು" ಕಿವಿಯಲ್ಲಿ ಕೂತು ಕೊರೆಯುತ್ತಿತ್ತು. ಎಲೆಕ್ಟ್ರಿಕ್ ರೈಲಿನಲ್ಲಿ ತಾಂಬರಕ್ಕೆ, ಅಲ್ಲಿಂದ ಶೇರ್ ಆಟೋ. ಹೇಳುವುದನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬರೆದು ಅಳಿಸಿದೆ. ಅವರು ಮನೆ ಮುಂದಿನ ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ತೆಳ್ಳಗಾಗಿದ್ದರು.

"ಅಯ್ಯೋ, ಮೇಡಂ! ಎಂತ ಮಾರಾಯ್ತಿ!" ಅಂದು ಜೋರಾಗಿ ನಕ್ಕರು. ಒಳಗಿನಿಂದ ಅವರ ಹೆಂಡತಿ ಕಸ್ತೂರಿ ಬಂದು, ಕಾಫಿ ಲೋಟ ಕೊಟ್ಟು, ನಿಂತಲ್ಲೇ ಶುರುಮಾಡಿದರು. "ನೀವು ಎಷ್ಟು ಸಲ ಹೇಳಿರಬೇಕು ಇವರಿಗೆ, ಕನ್ನಡಕ ಹಾಕಿ ಅಂತ. ಹಾಕ್ಕೊಂಡಿದ್ದರೆ ಇವತ್ತು ಹೀಗೆ ಬಾಗಿಲಿಗೆ ಢಿಕ್ಕಿ ಹೊಡೀತಾ ಇರ್ತಿದ್ದರಾ? ನನ್ನ ಮಾತು ಕೇಳೋದಿಲ್ಲ, ನಿಮ್ಮ ಮಾತಾದರೂ ಕೇಳಬೇಕಿತ್ತು." ಅಣ್ಣ ಲೋಟದೊಳಗೆ ನೋಡುತ್ತಾ ಕೂತರು. ಆ ಮಾತು ಆ ಮನೆಯಲ್ಲಿ ದಿನವೂ ನಡೆಯುವಂಥದು ಅಂತ ಅವರು ಕೂತ ರೀತಿಯಲ್ಲೇ ಗೊತ್ತಾಯಿತು.

ಕಸ್ತೂರಿ ಒಳಗೆ ಹೋದ ಮೇಲೆ ಹೇಳಿದೆ. ಬರೆದು ಅಳಿಸಿದ್ದು ಯಾವುದೂ ನೆನಪಾಗಲಿಲ್ಲ. ಅವತ್ತು ನಿಮ್ಮ ಕಣ್ಣಿಗೆ ಹಾಕಿದ್ದು ನೀರಲ್ಲ, ನೀಲಿ ಬಾಟಲಿ. ನೀವು ಕಾಸ್ಟಿಕ್ ಅಂದಿರಿ, ನಾನು ಕೇಳಲಿಲ್ಲ. ಡಾಕ್ಟರ ಹತ್ತಿರ ಸುಳ್ಳು ಹೇಳಿದೆ. ವರದಿಯಲ್ಲೂ ಸುಳ್ಳು. ಬಕೆಟಿನಲ್ಲಿ ಹಾಕಿ ಅಂದವಳೂ ನಾನೇ.

ಅವರು ಲೋಟವನ್ನು ಕೈಯಲ್ಲೇ ತಿರುಗಿಸಿದರು.

"ನಿಮಗೆ ಗೊತ್ತಿತ್ತು," ಅಂದೆ. "ಗೊತ್ತಿದ್ದೂ ನನಗೋಸ್ಕರ ಸುಮ್ಮನಿದ್ದಿರಿ."

"ಇಲ್ಲ ಮೇಡಂ." ನಿಧಾನವಾಗಿ ತಲೆಯಾಡಿಸಿದರು. "ನೀಲಿ ಬಾಟಲಿ ಅಂತ ಎಡಗಣ್ಣಿಗೆ ಕಂಡ ಹಾಗಿತ್ತು. ಆಮೇಲೆ ನೀವು ಡಾಕ್ಟರ ಹತ್ತಿರ ನೀರು ಅಂದಿರಿ. ಓದಿದವರು, ಪಕ್ಕದಲ್ಲೇ ಇದ್ದವರು, ನೀರು ಅಂತಾರೆ. ಆ ಉರಿಯಲ್ಲಿ ನನಗೇ ತಪ್ಪು ಕಂಡಿರಬೇಕು ಅಂದುಕೊಂಡೆ. ಇಪ್ಪತ್ತು ನಿಮಿಷ ಆಗಲಿಲ್ಲವಲ್ಲ ಅಂತಲೂ ಅನ್ನಿಸಿತು. ನೋವಿನಲ್ಲಿ ಹೊತ್ತು ಗೊತ್ತಾಗಲ್ಲ ಅಂದುಕೊಂಡೆ. ವಿಚಾರಣೆಗೆ ಬಂದವರಿಗೂ ಅದಕ್ಕೇ ನೀರು ಅಂದೆ. ಇವಳಿಗೆ ಒಂದು ಸಲ ಹೇಳಿದ್ದೆ, ಅದು ಬಾಟಲಿ ಕಣೇ ಅಂತ. ಕನ್ನಡಕ ಹಾಕದ ತಪ್ಪಿಗೆ ಮೇಡಂ ಮೇಲೆ ಹೇಳ್ತೀರಾ ಅಂತ ಬೈದಳು. ಅವಳು ಹೇಳಿದ್ದೇ ಸರಿ ಅಂತ ಬಿಟ್ಟುಬಿಟ್ಟೆ."

ನಾನು ಪೂಜೆ ಮಾಡಿಕೊಂಡು ಬಂದಿದ್ದ ದೊಡ್ಡ ಮನಸ್ಸು ಅಲ್ಲಿ ಇರಲೇ ಇಲ್ಲ. ನನ್ನ ಒಂದು ಮಾತನ್ನು ನಂಬಿ, ತನ್ನ ಕಣ್ಣು ಕಂಡದ್ದನ್ನೇ ಹನ್ನೊಂದು ವರ್ಷ ನಂಬದೆ ಕೂತಿದ್ದ ಒಬ್ಬ ಮನುಷ್ಯ ಇದ್ದರು.

"ನೀರೇ ಹಾಕಿದ್ದರೆ ಕಣ್ಣು ಉಳೀತಿತ್ತಾ?" ಅಂತ ಕೇಳಿದರು.

ಹೇಳಲಾಗುವುದಿಲ್ಲ, ಎಷ್ಟು ಒಳಗೆ ಇಳಿದಿತ್ತೋ ಏನೋ ಅನ್ನುವ ಮಾತು ಬಾಯಿಗೆ ಬಂದಿತ್ತು. ಅದೂ ಸುಳ್ಳೇನಲ್ಲ.

"ಪೂರ್ತಿ ಅಲ್ಲದಿದ್ದರೂ ಸ್ವಲ್ಪ ಉಳೀತಿತ್ತು ಅಣ್ಣ," ಅಂದೆ. "ನಾನು ಹಾಗೇ ನಂಬಿದ್ದೇನೆ."

ಅವರು ನನ್ನನ್ನು ಬೈಯಲಿಲ್ಲ. ಪರವಾಗಿಲ್ಲ ಅಂತಲೂ ಅನ್ನಲಿಲ್ಲ. ಕಾಫಿ ಲೋಟವನ್ನು ಕೆಳಗಿಟ್ಟು ಒಳಗೆ ಕೂಗಿದರು.

"ಕಸ್ತೂರಿ, ಇಲ್ಲಿ ಬಾ."

"ಒಲೆ ಮೇಲೆ ಸಾಂಬಾರು ಇದೆ."

"ಆರಿಸಿ ಬಾ. ಬಂದು ಕೂತುಕೋ."

ಕಸ್ತೂರಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಹೊಸಿಲ ಮೇಲೆ ಕೂತರು. ನನ್ನ ಮುಖವನ್ನೂ ಗಂಡನ ಮುಖವನ್ನೂ ಒಂದಾದ ಮೇಲೊಂದು ನೋಡಿದರು. ಅಣ್ಣ ಎದ್ದು, ಕುರ್ಚಿಯನ್ನು ಎಳೆದು ತಿರುಗಿಸಿ, ಎಡಗಣ್ಣಿಗೆ ಹೆಂಡತಿಯ ಮುಖ ಕಾಣುವ ಹಾಗೆ ಕೂತರು. ನಾನು ಈಗ ಅವರ ಬಲಗಡೆಯಲ್ಲಿದ್ದೆ.

"ಮೇಡಂ," ಅಂದರು, ನನ್ನ ಕಡೆ ತಿರುಗದೆ. "ಇನ್ನೊಂದು ಸಲ ಹೇಳಿ. ಇವಳಿಗೆ."

ನಾನು ಮೊದಲಿಂದ ಶುರುಮಾಡಿದೆ.